ಹಾಡು ನಿಮ್ಮದು, ಪ್ರೋಗ್ರಾಮ್ ಅವರದು: ಸ್ಟುಡಿಯೋ ನಿರ್ಮಾಪಕರೊಬ್ಬರ ಲೆಕ್ಕದ ಪ್ರಶ್ನೆ

ಪ್ರಶ್ನೆ: ಸರ್, ನಾನು ಗಂಗಾವತಿಯಲ್ಲಿ ಸಣ್ಣದೊಂದು ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಜಾನಪದ, ಭಕ್ತಿಗೀತೆ, ಡಿಜೆ ಸಾಂಗ್ ಮಾಡುತ್ತೇವೆ. ಸ್ವಂತ ಯೂಟ್ಯೂಬ್ ಚಾನೆಲ್ ಇದೆ. ಒಬ್ಬ ಗಾಯಕಿ, ಒಬ್ಬ ಗಾಯಕ, ಸಾಹಿತ್ಯ ಬರೆದು ಟ್ಯೂನ್ ಹಾಕುವ ಒಬ್ಬ ಹುಡುಗ, ಈ ಮೂವರ ಹಾಡುಗಳಿಗೆ ನಾನೇ ದುಡ್ಡು ಹಾಕಿದ್ದೇನೆ. ಜಾತ್ರೆ, ಮದುವೆ ಪ್ರೋಗ್ರಾಮ್‌ಗಳನ್ನೂ ನಾನೇ ಹಿಡಿದುಕೊಡುತ್ತೇನೆ. ಕಮಿಟಿಯವರು ನನ್ನ ಫೋನ್‌ಪೇಗೆ ಹಾಕುತ್ತಾರೆ, ನಾನು ಖರ್ಚು ಮುರಿದುಕೊಂಡು ಉಳಿದದ್ದು ಕೊಡುತ್ತೇನೆ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಗಾಯಕಿಯ ಒಂದು ಹಾಡು ಓಡಿದ ಮೇಲೆ ಆಕೆಯ ತಂದೆ "ಲೆಕ್ಕ ತೋರಸ್ರಿ" ಅನ್ನುತ್ತಿದ್ದಾರೆ. ನಾನು ಮೋಸ ಮಾಡಿಲ್ಲ, ಆದರೆ ತೋರಿಸುವಂಥ ಲೆಕ್ಕವೂ ನನ್ನ ಹತ್ತಿರ ಇಲ್ಲ. ನಡುವೆ ಆಕೆಯ ಅಕ್ಕನ ಮದುವೆಗೆ 40,000 ರೂಪಾಯಿ ಕೊಟ್ಟಿದ್ದೆ, ಅದೂ ಹಾಗೇ ಉಳಿದಿದೆ. ನನ್ನ ಪಾಲೆಷ್ಟು, ಅವರ ಪಾಲೆಷ್ಟು? ಕಾಗದ ಹೇಗೆ ಮಾಡಿಕೊಳ್ಳಬೇಕು?

ಉತ್ತರ: ಆ ತಂದೆಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಲೆಕ್ಕ ಕೇಳುವುದು ಅವರ ಮಗಳ ಹಕ್ಕು. ಇನ್ನೊಬ್ಬರ ಪರವಾಗಿ ವ್ಯವಹಾರ ಕುದುರಿಸಿ ಹಣ ಪಡೆಯುವವರನ್ನು 1872ರ ಕರಾರು ಕಾಯ್ದೆ ಏಜೆಂಟ್ ಎಂದು ಕರೆಯುತ್ತದೆ. ಏಜೆಂಟ್ ಆದವರು ಕೇಳಿದಾಗ ಸರಿಯಾದ ಲೆಕ್ಕ ಕೊಡಬೇಕು ಎಂದು 213ನೇ ಕಲಂ ಹೇಳುತ್ತದೆ. ತಮಗೆ ಬರಬೇಕಾದ್ದನ್ನು ಮುರಿದುಕೊಂಡು ಉಳಿದದ್ದನ್ನೆಲ್ಲ ಮುಟ್ಟಿಸಬೇಕು ಎಂದು 218ನೇ ಕಲಂ ಹೇಳುತ್ತದೆ. ಇದಕ್ಕೆ ಬರಹದ ಒಪ್ಪಂದ ಇರಬೇಕೆಂದೂ ಇಲ್ಲ. ನೀವು ಬಾಯಿಮಾತಿನಲ್ಲಿ ಪ್ರೋಗ್ರಾಮ್ ಹಿಡಿದ ದಿನದಿಂದಲೇ ಅದು ನಿಮ್ಮ ಮೇಲಿದೆ.

ನಿಮ್ಮ ಪತ್ರ ಓದಿದರೆ ಗಂಟು ಎಲ್ಲಿ ಬಿದ್ದಿದೆ ಎಂಬುದು ಕಾಣುತ್ತದೆ. ನೀವು ಮಾಡುತ್ತಿರುವುದು ಎರಡು ಕೆಲಸ. ಹಾಡಿಗೆ ದುಡ್ಡು ಹಾಕುವ ನಿರ್ಮಾಪಕರೂ ನೀವೇ, ಕಲಾವಿದರಿಗೆ ಪ್ರೋಗ್ರಾಮ್ ಹಿಡಿದುಕೊಡುವ ಮ್ಯಾನೇಜರೂ ನೀವೇ. ಈ ಎರಡು ಕೆಲಸದ ದುಡ್ಡಿನ ಜಾತಿಯೇ ಬೇರೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಒಂದು ಧ್ವನಿಮುದ್ರಣವನ್ನು ಮುಂದೆ ನಿಂತು, ಹೊಣೆ ಹೊತ್ತು ಮಾಡಿಸಿದವರೇ ಅದರ ಕರ್ತೃ. ಅಂದರೆ ಆ ರೆಕಾರ್ಡಿಂಗ್ ನಿಮ್ಮದು, ಬಿಡುಗಡೆಯಾದ ಮೇಲೆ 60 ವರ್ಷ ನಿಮ್ಮದು. ಅದರ ಆದಾಯದಲ್ಲಿ ನೀವು ಕಲಾವಿದರಿಗೆ ಪಾಲು ಕೊಡುತ್ತೀರಿ. ಪ್ರೋಗ್ರಾಮ್ ದುಡ್ಡು ಇದಕ್ಕೆ ತಿರುಗುಮುರುಗು. ಅದು ಹಾಡಿದವಳ ಸಂಪಾದನೆ; ಅದರಲ್ಲಿ ಆಕೆ ನಿಮಗೆ ಕಮಿಷನ್ ಕೊಡುತ್ತಾಳೆ. ಒಂದೇ ಖಾತೆಗೆ ಎರಡೂ ಬಂದು ಬೀಳುವುದರಿಂದ ಎಲ್ಲವೂ ನಿಮ್ಮದೇ, ಅದರಲ್ಲಿ ನೀವು ಅವರಿಗೆ ಕೊಡುತ್ತಿದ್ದೀರಿ ಎಂಬ ಭಾವನೆ ನಿಮಗೂ ಬಂದಿದೆ, ಅವರಿಗೂ ಬಂದಿದೆ. "ಉಳಿದದ್ದು ಕೊಡುತ್ತೇನೆ" ಎಂಬ ನಿಮ್ಮ ಮಾತಿನಲ್ಲೇ ಅದು ಗೊತ್ತಾಗುತ್ತದೆ.

ಆದ್ದರಿಂದ ಮೊದಲ ಕೆಲಸ, ಬ್ಯಾಂಕಿಗೆ ಹೋಗಿ ಸ್ಟುಡಿಯೋ ಹೆಸರಿನಲ್ಲಿ ಒಂದು ಕರೆಂಟ್ ಅಕೌಂಟ್ ತೆರೆಯಿರಿ. ಪ್ರೋಗ್ರಾಮ್ ದುಡ್ಡು ಅಲ್ಲಿಗೆ ಮಾತ್ರ ಬರಲಿ. ಯೂಟ್ಯೂಬ್ ದುಡ್ಡು ಈಗ ಬರುವ ಖಾತೆಗೇ ಬರಲಿ. ಮನೆ ಕಿರಾಣಿ, ಗಾಡಿ ಕಂತು, ಮಕ್ಕಳ ಫೀ ಎಲ್ಲ ಬೇರೆ ಖಾತೆಯಿಂದ ಹೋಗಲಿ. ಕಮಿಟಿಯವರು ಟೋಕನ್ (ಪ್ರೋಗ್ರಾಮ್ ಗಟ್ಟಿ ಮಾಡಲು ಮೊದಲೇ ಕೊಡುವ ದುಡ್ಡು) ಹಾಕುವಾಗ ಊರು ಮತ್ತು ತಾರೀಖು ಬರೆದು ಹಾಕಲು ಹೇಳಿ. ಆರು ತಿಂಗಳ ನಂತರ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಾಗ ಆ ಒಂದು ಸಾಲು ನಿಮ್ಮನ್ನು ಉಳಿಸುತ್ತದೆ.

ಎರಡನೆಯದು, ಪಟ್ಟಿ. ಎಪಿಎಂಸಿಗೆ ಭತ್ತ ಹಾಕಿದವರ ಕೈಗೆ ಅಡತ್ ಅಂಗಡಿಯವರು ಒಂದು ಪಟ್ಟಿ ಕೊಡುತ್ತಾರಲ್ಲ, ಎಷ್ಟು ಚೀಲ, ಎಷ್ಟು ತೂಕ, ಏನು ದರ, ಹಮಾಲಿ ಎಷ್ಟು, ಮೊದಲೇ ಒಯ್ದದ್ದು ಎಷ್ಟು, ಕೈಗೆ ಎಷ್ಟು ಎಂದು, ಅಂಥದ್ದೇ ಒಂದು ಪಟ್ಟಿ ಪ್ರತಿ ಪ್ರೋಗ್ರಾಮ್‌ಗೂ ಬೇಕು. ನಿಮ್ಮ ಗಾಯಕಿಯ ತಂದೆ ಗುತ್ತಿಗೆ ಒಪ್ಪಂದದ ಇಂಗ್ಲಿಷ್ ಕಾಗದ ಓದಲಿಕ್ಕಿಲ್ಲ, ಈ ಪಟ್ಟಿಯನ್ನು ಮಾತ್ರ ನಿಮಗಿಂತ ಚೆನ್ನಾಗಿ ಓದುತ್ತಾರೆ.

ಪ್ರೋಗ್ರಾಮ್ ಪಟ್ಟಿ ಹೇಗಿರಬೇಕು ಎಂಬುದನ್ನು ಅಂಕಿ ಇಟ್ಟೇ ನೋಡೋಣ. ಹುಲಿಗಿ ಕಡೆಯ ಒಂದು ಹಳ್ಳಿಯ ಜಾತ್ರೆಗೆ 60,000ಕ್ಕೆ ಮಾತಾಯಿತು ಎಂದುಕೊಳ್ಳಿ. ಸೌಂಡು, ಲೈಟು, ಪೆಂಡಾಲು ಕಮಿಟಿಯದೇ. ಟೋಕನ್ 15,000 ಬಂತು, ಉಳಿದ 45,000 ಪ್ರೋಗ್ರಾಮ್ ರಾತ್ರಿ. ಕೀಬೋರ್ಡ್, ಪ್ಯಾಡ್, ಢೋಲಕ್ ನುಡಿಸುವ ಮೂವರಿಗೆ ತಲಾ 3,500ರಂತೆ 10,500. ಕ್ರೂಸರ್ ಬಾಡಿಗೆ 6,500. ಊಟ, ಚಹ 1,000. ಒಟ್ಟು ಖರ್ಚು 18,000. ಈಗ ನಿಮ್ಮ ಕಮಿಷನ್ 15 ಪರ್ಸೆಂಟ್ ಎಂದರೆ ಯಾವುದರ ಮೇಲೆ? ಪೂರ್ತಿ 60,000ದ ಮೇಲಾದರೆ 9,000, ಗಾಯಕಿಗೆ 33,000. ಖರ್ಚು ಕಳೆದ 42,000ದ ಮೇಲಾದರೆ 6,300, ಗಾಯಕಿಗೆ 35,700. ಒಂದು ರಾತ್ರಿಗೆ 2,700 ರೂಪಾಯಿ ವ್ಯತ್ಯಾಸ. ಸೀಸನ್ನಿನಲ್ಲಿ ಇದು ಎಷ್ಟಕ್ಕೆ ಹೋಗುತ್ತದೆ ಎಂದು ನೀವೇ ಗುಣಿಸಿಕೊಳ್ಳಿ. ಜಗಳಗಳಲ್ಲಿ ಹೆಚ್ಚಿನವು ಪರ್ಸೆಂಟಿನ ಮೇಲೆ ನಡೆಯುವುದಿಲ್ಲ, ಆ ಪರ್ಸೆಂಟ್ ಎಲ್ಲಿಂದ ಎಣಿಸಬೇಕು ಎಂಬುದರ ಮೇಲೆ ನಡೆಯುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಪಕ್ಕವಾದ್ಯದವರ ದುಡ್ಡು ಮತ್ತು ಗಾಡಿ ಬಾಡಿಗೆ ಕಳೆದ ಮೇಲೆ ಕಮಿಷನ್ ಹಿಡಿಯಿರಿ. ಢೋಲಕ್ ನುಡಿಸುವವನ ಕೂಲಿಯ ಮೇಲೆ ನೀವು ಕಮಿಷನ್ ಹಿಡಿಯುವುದಕ್ಕೆ ಅರ್ಥವಿಲ್ಲ. ಮ್ಯಾನೇಜರ್ ಕಮಿಷನ್ ಸಾಮಾನ್ಯವಾಗಿ 15ರಿಂದ 20 ಪರ್ಸೆಂಟಿನ ನಡುವೆ ಇರುತ್ತದೆ. ಬರೀ ಫೋನ್ ನಂಬರ್ ದಾಟಿಸಿ 20 ಕೇಳುವುದು ಜಾಸ್ತಿ. ಕಮಿಟಿಯ ಜತೆ ಮಾತಾಡಿ, ಗಾಡಿ ಮಾಡಿ, ರಾತ್ರಿ ಎರಡು ಗಂಟೆಗೆ ವೇದಿಕೆ ಹಿಂದೆ ನಿಂತು ಬಾಕಿ ವಸೂಲು ಮಾಡಿಕೊಂಡು, ಹೆಣ್ಣುಮಗಳನ್ನು ಮನೆ ಬಾಗಿಲಿಗೆ ಬಿಟ್ಟು ಬರುವವರು 20 ತೆಗೆದುಕೊಂಡರೆ ಯಾರೂ ಬಾಯಿ ತೆಗೆಯುವುದಿಲ್ಲ.

ಹಾಡು ಮೆಚ್ಚಿ ಜನ ವೇದಿಕೆಗೆ ಬಂದು ಕೊಡುವ ಬಹುಮಾನದ ನೋಟುಗಳ ಬಗ್ಗೆ ನೀವು ಬರೆದಿಲ್ಲ, ಆದರೆ ಅಲ್ಲೂ ಕಿತ್ತಾಟ ಆಗುತ್ತದೆ. ಅದು ಕಲಾವಿದರದು. ಗಾಯಕಿ ಮತ್ತು ಪಕ್ಕವಾದ್ಯದವರು ಹೇಗೆ ಹಂಚಿಕೊಳ್ಳಬೇಕೆಂದು ಅವರವರೇ ಮಾತಾಡಿಕೊಳ್ಳಲಿ. ನೀವು ಅದಕ್ಕೆ ಕೈ ಹಾಕಬೇಡಿ, ಪಟ್ಟಿಯಲ್ಲೂ ತರಬೇಡಿ.

ಟೋಕನ್ ವಿಷಯ ಮೊದಲೇ ತೀರ್ಮಾನವಾಗಿರಲಿ. ಮಳೆ ಬಂತು, ಊರಲ್ಲಿ ಯಾರೋ ತೀರಿಕೊಂಡರು ಎಂದು ಕಮಿಟಿಯವರು ಪ್ರೋಗ್ರಾಮ್ ಮುಂದೆ ಹಾಕಿದರೆ ಟೋಕನ್ ಹೊಸ ತಾರೀಖಿಗೆ ಸರಿಯಾಗುತ್ತದೆಯೋ, ಪೂರ್ತಿ ರದ್ದಾದರೆ ಎಷ್ಟು ವಾಪಸ್ಸು, ನಿಮ್ಮ ಕಡೆಯಿಂದ ಗಾಯಕಿಗೆ ಗಂಟಲು ಕಟ್ಟಿ ಹೋಗಲಾಗದಿದ್ದರೆ ಏನು, ಈ ಮೂರು ಸಾಲು ಒಂದು ವಾಟ್ಸಾಪ್ ಮೆಸೇಜಿನಲ್ಲಿ ಕಮಿಟಿಯವರಿಗೆ ಹೋಗಿ, ಅವರಿಂದ "ಆಯ್ತು" ಎಂಬ ಉತ್ತರ ಬಂದಿದ್ದರೆ ಸಾಕು. ಟೋಕನ್ ಬಂದ ಕೂಡಲೇ ಅದನ್ನು ಖರ್ಚು ಮಾಡಬೇಡಿ. ಪ್ರೋಗ್ರಾಮ್ ಆಗುವ ತನಕ ಅದು ಕಮಿಟಿಯದೂ ಹೌದು, ಗಾಯಕಿಯದೂ ಹೌದು. ನಿಮ್ಮದಂತೂ ಇನ್ನೂ ಆಗಿಲ್ಲ.

ಸರ್ಕಾರಿ ಉತ್ಸವಗಳ ದಾರಿ ಬೇರೆ. ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವ, ಹಂಪಿ ಉತ್ಸವದಂಥ ಕಡೆ ಹಾಡಿದರೆ ದುಡ್ಡು ಬಿಲ್ ಆಗಿ ಬ್ಯಾಂಕಿಗೆ ಬರುತ್ತದೆ, ಅದೂ ತಡವಾಗಿ. ಪಕ್ಕವಾದ್ಯದವರು ಅಷ್ಟು ದಿನ ಕಾಯುವವರಲ್ಲ, ಕಾಯಿಸುವುದು ನ್ಯಾಯವೂ ಅಲ್ಲ. ಅವರಿಗೆ ನೀವು ಅವತ್ತೇ ಕೈಯಿಂದ ಕೊಟ್ಟು, ಬಿಲ್ ಆದಾಗ ಅಷ್ಟನ್ನೇ ಹಿಂದಕ್ಕೆ ತೆಗೆದುಕೊಳ್ಳಿ, ಪಟ್ಟಿಯಲ್ಲಿ ಕಾಣಲಿ. ಇನ್ನೊಂದು, ಬಿಲ್ಲಿಗೆ ಯಾರ ಪ್ಯಾನ್ ಕೊಡುತ್ತೀರಿ ಎಂಬುದನ್ನು ಗಮನಿಸಿ. ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಕಟ್ಟಾಗುವುದು ಆ ಪ್ಯಾನ್ ಮೇಲೆ. ನಿಮ್ಮ ಪ್ಯಾನ್ ಕೊಟ್ಟರೆ ಗಾಯಕಿಯ ಸಂಪಾದನೆ ನಿಮ್ಮ ಆದಾಯವಾಗಿ ಕಾಣುತ್ತದೆ, ಆಕೆಗೆ ವಾಪಸ್ ಬರಬಹುದಾದ ತೆರಿಗೆ ಆಕೆಗೆ ಸಿಗುವುದಿಲ್ಲ. ಸಾಧ್ಯವಾದ ಕಡೆಯೆಲ್ಲ ಕಲಾವಿದರ ಹೆಸರು, ಕಲಾವಿದರ ಪ್ಯಾನ್, ಕಲಾವಿದರ ಖಾತೆ. ಕಮಿಷನ್ ಆಕೆಯಿಂದ ನಿಮಗೆ ಬರಲಿ.

ಈಗ ಹಾಡಿನ ಲೆಕ್ಕ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಏಕೆಂದರೆ ಪ್ರಾಮಾಣಿಕರೇ ಹೆಚ್ಚು ತಪ್ಪುವ ಜಾಗ ಇದು.

ಒಂದು ಹಾಡಿಗೆ ಟ್ರ್ಯಾಕ್ ಪ್ರೋಗ್ರಾಮಿಂಗ್ 8,000, ಲೈವ್ ನುಡಿಸಿದವರಿಗೆ 4,000, ಮಿಕ್ಸಿಂಗ್ ಮಾಸ್ಟರಿಂಗ್ 4,000, ವಿಡಿಯೋ ಶೂಟಿಂಗ್ ಎಡಿಟಿಂಗ್ 18,000, ಸಾಹಿತ್ಯಕ್ಕೆ ಮುಂಗಡ 3,000, ಹೀಗೆ ನೀವು 37,000 ಹಾಕಿದಿರಿ ಎಂದುಕೊಳ್ಳಿ. ವರ್ಷದಲ್ಲಿ ಆ ಹಾಡಿನಿಂದ 52,000 ಬಂತು. ನೀವು ಅರ್ಧ, ಕಲಾವಿದರು ಅರ್ಧ ಎಂದು ಮಾತಾಗಿದೆ. "ಖರ್ಚು ಮುರಿದುಕೊಂಡು ಅರ್ಧ" ಎಂಬ ಮಾತನ್ನು ಮೂರು ರೀತಿ ಲೆಕ್ಕ ಹಾಕಬಹುದು.

ಮೊದಲ ರೀತಿ, ಬಂದ 52,000ದಲ್ಲಿ 37,000 ಖರ್ಚು ತೆಗೆದು ಉಳಿದ 15,000ದಲ್ಲಿ ಅರ್ಧರ್ಧ. ಕಲಾವಿದರಿಗೆ 7,500. ಇದು ನೇರ ಲೆಕ್ಕ, ತಪ್ಪೇನಿಲ್ಲ.

ಎರಡನೆಯದು ದೊಡ್ಡ ಕಂಪನಿಗಳ ಕಾಗದದಲ್ಲಿ ಬರುವ ರೀತಿ. 52,000ವನ್ನು ಮೊದಲು ಅರ್ಧ ಮಾಡುತ್ತಾರೆ. ನಿರ್ಮಾಪಕರ 26,000 ನಿರ್ಮಾಪಕರಿಗೆ. ಕಲಾವಿದರ 26,000ವನ್ನು ಖರ್ಚಿಗೆ ಹಿಡಿದುಕೊಳ್ಳುತ್ತಾರೆ. ಖರ್ಚು 37,000 ಇದ್ದದ್ದರಿಂದ ಕಲಾವಿದರ ಮೇಲೆ ಇನ್ನೂ 11,000 ಬಾಕಿ ಎಂದು ಬರೆಯುತ್ತಾರೆ. ಗಮನಿಸಿ, ನಿರ್ಮಾಪಕರ ಕೈಗೆ ಅಷ್ಟೊತ್ತಿಗೆ ಪೂರ್ತಿ 52,000 ಬಂದಿದೆ, ಹಾಕಿದ 37,000 ಹೋಗಿ 15,000 ಲಾಭವಾಗಿದೆ, ಹಾಡಿದವಳಿಗೆ ಸೊನ್ನೆ, ಮೇಲೆ ಬಾಕಿ ಬೇರೆ. ಖರ್ಚು ಯಾರ ಪಾಲಿನಿಂದ ಮುರಿಯುತ್ತೀರಿ ಎಂಬ ಒಂದೇ ಸಾಲು ಇಷ್ಟು ಕೆಲಸ ಮಾಡುತ್ತದೆ. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರು ಯಾರಾದರೂ ನಿಮಗೇ ಇಂಥ ಕಾಗದ ಕೊಟ್ಟರೂ ಈ ಸಾಲು ಹುಡುಕಿ ನೋಡಿ.

ಮೂರನೆಯದು ನಾನು ನಿಮಗೆ ಹೇಳುವುದು. ಖರ್ಚು ತೀರುವ ತನಕ ಬಂದದ್ದರಲ್ಲಿ 80 ಪರ್ಸೆಂಟ್ ನಿಮ್ಮ ಖರ್ಚಿಗೆ, 20 ಕಲಾವಿದರಿಗೆ. ತೀರಿದ ಮೇಲೆ ಅರ್ಧರ್ಧ. ಈ ಲೆಕ್ಕದಲ್ಲಿ ಆದಾಯ 46,250 ಮುಟ್ಟಿದಾಗ ನಿಮ್ಮ 37,000 ವಾಪಸ್ ಬಂದಿರುತ್ತದೆ, ಕಲಾವಿದರಿಗೆ 9,250 ಹೋಗಿರುತ್ತದೆ. ಉಳಿದ 5,750ರಲ್ಲಿ ಇಬ್ಬರಿಗೂ 2,875. ಅಲ್ಲಿಗೆ ಕಲಾವಿದರಿಗೆ 12,125, ನಿಮಗೆ 39,875. ಮೊದಲ ರೀತಿಗಿಂತ ನಿಮಗೆ 4,625 ಕಡಿಮೆ. ಆದರೆ ಮೊದಲ ಮೂರು ತಿಂಗಳಿಗೇ ಆಕೆಯ ಖಾತೆಗೆ ಎರಡು ಸಾವಿರವಾದರೂ ಬಿದ್ದಿರುತ್ತದೆ, ಜತೆಗೊಂದು ಪಟ್ಟಿ ಹೋಗಿರುತ್ತದೆ. "ಅಣ್ಣಾ, ನಂದು ಎಷ್ಟಾತು?" ಎಂದು ಆಕೆ ಕೇಳುವ ಮೊದಲೇ ಉತ್ತರ ಸಿಕ್ಕಿರುತ್ತದೆ.

ಎರಡು ವಿಷಯ ಕಡ್ಡಾಯ ಎಂದೇ ಹೇಳುತ್ತೇನೆ. ಒಂದು ಹಾಡು ಸೋತರೆ ಅದರ ಖರ್ಚನ್ನು ಇನ್ನೊಂದು ಹಾಡಿನ ಆದಾಯದಿಂದ ಮುರಿಯಬೇಡಿ, ಜಾತ್ರೆಯ ಸಂಭಾವನೆಯಿಂದಂತೂ ಮುರಿಯಲೇಬೇಡಿ. ದುಡ್ಡು ಹಾಕುವ ಹೊಣೆ ನಿಮ್ಮದೆಂದೇ ಕಾಯ್ದೆ ರೆಕಾರ್ಡಿಂಗನ್ನು ನಿಮ್ಮದೆಂದು ಒಪ್ಪಿದೆ. ಒಡೆತನ ನಿಮಗೆ, ನಷ್ಟ ಆಕೆಗೆ ಎಂದರೆ ಆಗುವುದಿಲ್ಲ. ಹಾಗೆಯೇ ಹಾಡಿನ ಆದಾಯದಲ್ಲಿ ಅರ್ಧ ತೆಗೆದುಕೊಂಡು, ಆಕೆಯ ಅರ್ಧದ ಮೇಲೆ ಮತ್ತೆ ಮ್ಯಾನೇಜರ್ ಕಮಿಷನ್ 15 ಹಿಡಿಯಬೇಡಿ. ಒಂದೇ ರೂಪಾಯಿಯಲ್ಲಿ ಎರಡು ಕಡೆಯಿಂದ ತಿಂದಂತೆ ಅದು.

ಯೂಟ್ಯೂಬ್ ಆದಾಯವನ್ನು ಹಾಡುವಾರು ಬಿಡಿಸುವುದು ಕಷ್ಟವಲ್ಲ. ಯೂಟ್ಯೂಬ್ ಸ್ಟುಡಿಯೋದ ಅನಾಲಿಟಿಕ್ಸ್‌ನಲ್ಲಿ ರೆವೆನ್ಯೂ ಪುಟ ತೆರೆದರೆ ಪ್ರತಿ ವಿಡಿಯೋದ ಅಂದಾಜು ಗಳಿಕೆ ಕಾಣುತ್ತದೆ. ಅದು ಅಂದಾಜು ಮಾತ್ರ. ಲೆಕ್ಕ ಅಂತಿಮವಾಗುವುದು ಮುಂದಿನ ತಿಂಗಳ ಎರಡನೇ ವಾರದ ಹೊತ್ತಿಗೆ, ಆಡ್‌ಸೆನ್ಸ್‌ನಿಂದ (ಯೂಟ್ಯೂಬ್ ದುಡ್ಡು ಪಾವತಿಯಾಗುವ ಗೂಗಲ್ ಖಾತೆ) ಹಣ ಹೊರಡುವುದು 21ರಿಂದ 26ರ ನಡುವೆ, ಅದೂ ಬಾಕಿ 100 ಡಾಲರ್ ಮುಟ್ಟಿದ್ದರೆ. ಆದ್ದರಿಂದ ಡಾಲರಿಗೆ ಇಂತಿಷ್ಟು ಎಂದು ಗೂಗಲ್ ನೋಡಿ ಲೆಕ್ಕ ಹಾಕಬೇಡಿ. ಬ್ಯಾಂಕಿಗೆ ರೂಪಾಯಿಯಲ್ಲಿ ಎಷ್ಟು ಬಿತ್ತೋ ಅದನ್ನೇ ಹಿಡಿದು, ಆ ತಿಂಗಳು ಯಾವ ಹಾಡಿಗೆ ಎಷ್ಟು ಭಾಗ ಬಂದಿದೆಯೋ ಆ ಪ್ರಮಾಣದಲ್ಲಿ ಹಂಚಿ. ದೊಡ್ಡ ವಿಡಿಯೋದ ಜಾಹೀರಾತಿನಲ್ಲಿ ಚಾನೆಲ್‌ಗೆ 55 ಪರ್ಸೆಂಟ್ ಬರುತ್ತದೆ, ಶಾರ್ಟ್ಸ್‌ನ ಲೆಕ್ಕ ಬೇರೆ. ನಿಮ್ಮ ಪಟ್ಟಿ ಶುರುವಾಗುವುದು ಯೂಟ್ಯೂಬ್ ತನ್ನ ಪಾಲು ಇಟ್ಟುಕೊಂಡ ನಂತರದ ಮೊತ್ತದಿಂದ. ಅಮೆರಿಕದಲ್ಲಿ ಕೂತು ನೋಡಿದವರಿಂದ ಬಂದ ಭಾಗಕ್ಕೆ ಅಲ್ಲಿಯ ತೆರಿಗೆ ಹಿಡಿಯುತ್ತಾರೆ. ಆಡ್‌ಸೆನ್ಸ್‌ನಲ್ಲಿ ತೆರಿಗೆ ಮಾಹಿತಿ ತುಂಬಿದ್ದರೆ ಭಾರತದವರಿಗೆ ಆ ಭಾಗದ ಮೇಲೆ 15 ಪರ್ಸೆಂಟ್. ತುಂಬದೆ ಬಿಟ್ಟರೆ ಇಡೀ ಗಳಿಕೆಯ ಮೇಲೆ 24ರ ತನಕ ಹೋಗಬಹುದು. ಫಾರ್ಮ್ ತುಂಬದೆ ಹೋದ ದುಡ್ಡು ನಿಮ್ಮ ಪಾಲಿನ ನಷ್ಟ, ಅದನ್ನು ಕಲಾವಿದರ ಲೆಕ್ಕಕ್ಕೆ ಹಾಕಬೇಡಿ.

"ಇಷ್ಟು ಲಕ್ಷ ಮಂದಿ ನೋಡ್ಯಾರ, ಅಷ್ಟು ಲಕ್ಷ ಬಂದಿರಬೇಕು" ಎಂದು ಮನೆಯವರಿಗೆ ಯಾರೋ ತಲೆಗೆ ತುಂಬಿರುತ್ತಾರೆ. ಇದಕ್ಕೆ ವಾದ ಮಾಡಿ ಪ್ರಯೋಜನವಿಲ್ಲ. ಯೂಟ್ಯೂಬ್ ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ಸ್ ಎಂಬ ಜಾಗ ಇದೆ. ಅಲ್ಲಿ ಗಾಯಕಿಯ ಇಮೇಲ್ ಹಾಕಿ "ವ್ಯೂವರ್" ಎಂದು ಸೇರಿಸಿದರೆ ಆಕೆ ತನ್ನ ಫೋನಿನಲ್ಲೇ ಗಳಿಕೆ ನೋಡಬಹುದು, ಏನನ್ನೂ ಬದಲಿಸಲಾಗದು. "ವ್ಯೂವರ್ ಲಿಮಿಟೆಡ್" ಎಂದು ಕೊಟ್ಟರೆ ಗಳಿಕೆ ಕಾಣುವುದಿಲ್ಲ, ಅದನ್ನು ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಒಂದು ತೊಡಕಿದೆ. ಇಡೀ ಚಾನೆಲ್ ತೆರೆದರೆ ಉಳಿದ ಇಬ್ಬರ ಹಾಡಿನ ಗಳಿಕೆಯೂ ಆಕೆಗೆ ಕಾಣುತ್ತದೆ. ಮೂವರನ್ನೂ ಕೇಳಿ ಒಪ್ಪಿಸಿ, ಇಲ್ಲವಾದರೆ ಮೂರು ತಿಂಗಳಿಗೊಮ್ಮೆ ಎದುರಿಗೆ ಕೂರಿಸಿ ಆಯಾ ವಿಡಿಯೋದ ಪುಟ ತೆರೆದು ತೋರಿಸಿ. ಸ್ಕ್ರೀನ್‌ಶಾಟ್ ಕಳಿಸಿದರೆ ನಂಬುವ ಕಾಲ ಹೋಯಿತು.

ಸ್ಪಾಟಿಫೈ, ಜಿಯೋಸಾವನ್ ಕಡೆಯಿಂದ ವಿತರಕರ ಮೂಲಕ ಬರುವುದು ಇನ್ನೊಂದು ಸಾಲು. ಅದು ಕೆಲವು ತಿಂಗಳು ಹಿಂದುಳಿದೇ ಬರುತ್ತದೆ. ಸ್ಪಾಟಿಫೈ 2024ರಿಂದ ಹನ್ನೆರಡು ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಹಾಡಿಗೆ ಏನೂ ಕೊಡುವುದಿಲ್ಲ, ಹಾಗಾಗಿ ನಮ್ಮ ಕಡೆಯ ಎಷ್ಟೋ ಹಾಡುಗಳಿಗೆ ಅಲ್ಲಿಂದ ಸೊನ್ನೆ. ಸೊನ್ನೆಯಾದರೂ ಪಟ್ಟಿಯಲ್ಲಿ ಬರೆಯಿರಿ. ಹಲವು ವಿತರಕರಲ್ಲಿ ಪಾಲು ಹಂಚುವ ಸೌಲಭ್ಯ ಇದೆ, ಅದನ್ನು ಬಳಸಿದರೆ ಕಲಾವಿದರ ಪರ್ಸೆಂಟ್ ನೇರ ಅವರಿಗೇ ಹೋಗುತ್ತದೆ, ನಿಮಗೆ ತಲೆನೋವಿಲ್ಲ.

ಸಾಹಿತ್ಯ ಬರೆಯುವ ಹುಡುಗನ ಬಗ್ಗೆ ನೀವು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಇವನೇ ನಿಮಗೆ ಮುಂದೆ ದೊಡ್ಡ ಪ್ರಶ್ನೆಯಾಗುವವನು. ಎರಡೋ ಮೂರೋ ಸಾವಿರ ಕೊಟ್ಟು "ಪೂರ್ತಿ ನಮಗೇ" ಎಂದು ಬರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಂದ ತಿದ್ದುಪಡಿಯ ನಂತರ ಆ ಕಾಗದಕ್ಕೆ ಮೊದಲಿನ ಬಲ ಉಳಿದಿಲ್ಲ. ಸಿನಿಮಾದ ಭಾಗವಲ್ಲದ ಧ್ವನಿಮುದ್ರಣಕ್ಕೆ ಸಾಹಿತ್ಯ ಅಥವಾ ಟ್ಯೂನ್ ಕೊಟ್ಟವರು ಉಳಿದ ಹಕ್ಕುಗಳನ್ನು ನಿಮಗೆ ಬರೆದುಕೊಟ್ಟರೂ, ಆ ಕೃತಿಯ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ಸದಸ್ಯರ ಪರವಾಗಿ ರಾಯಲ್ಟಿ ವಸೂಲು ಮಾಡುವ ಕಾಪಿರೈಟ್ ಸೊಸೈಟಿಗೆ ಮಾತ್ರ ಅದನ್ನು ವಹಿಸಬಹುದು. ಬಿಟ್ಟುಕೊಟ್ಟಿದ್ದೇನೆ ಎಂದು ಬರೆದಿದ್ದರೂ ಅದು ಅಸಿಂಧು. ಹಾಗಾಗಿ ಆ 3,000ವನ್ನು ಮುಂಗಡ ಎಂದೇ ಬರೆಯಿರಿ, ಕಲಾವಿದರ ಅರ್ಧದೊಳಗೆ ಹಾಡಿದವಳಿಗೆ ಎಷ್ಟು, ಬರೆದು ಟ್ಯೂನ್ ಹಾಕಿದವನಿಗೆ ಎಷ್ಟು ಎಂಬುದನ್ನು ಹಾಡು ಬಿಡುಗಡೆಯಾಗುವ ಮೊದಲೇ ಮೂವರೂ ಸಹಿ ಹಾಕಿ ಇಟ್ಟುಕೊಳ್ಳಿ. ಹಿಟ್ ಆದ ಮೇಲೆ ಕೂತರೆ ಪ್ರತಿಯೊಬ್ಬರಿಗೂ ತಾನೇ ಹಾಡು ಗೆಲ್ಲಿಸಿದವನು ಎನಿಸುತ್ತದೆ.

ಅವನನ್ನು ಐಪಿಆರ್‌ಎಸ್‌ಗೆ ಸದಸ್ಯನನ್ನಾಗಿ ಮಾಡಿಸಿ. 1969ರಿಂದ ಇರುವ ಸಾಹಿತಿ, ಸಂಯೋಜಕರ ಸೊಸೈಟಿ ಅದು. ಅಲ್ಲಿಂದ ಬರುವ ಅವನ ಪಾಲು ನೇರ ಅವನ ಖಾತೆಗೆ ಬರಬೇಕು, ನಿಮ್ಮ ಮೂಲಕ ಅಲ್ಲ. ಗಾಯಕ, ಗಾಯಕಿಯರಿಗೂ ಇದೇ 2012ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಗಟ್ಟಿಯಾಗಿದೆ, ಅವರಿಗೆ ಬೇರೆ ಸೊಸೈಟಿ ಇದೆ. ಇದೆಲ್ಲದರಿಂದ ನಾಳೆಯೇ ದುಡ್ಡು ಸುರಿಯುತ್ತದೆ ಎಂದು ಆಸೆ ಹುಟ್ಟಿಸಬೇಡಿ.

ಹಳೆಯ ಪದಗಳನ್ನು ಹಾಡಿಸುವಾಗ ಎಚ್ಚರ. ಮಾನ್ವಿಯ ಜಗನ್ನಾಥದಾಸರ ಕೀರ್ತನೆಗೋ, ಮುದಗಲ್ ಕಡೆ ಅಲೈ (ಮೊಹರಂ) ಹಬ್ಬದಲ್ಲಿ ತಲೆತಲಾಂತರದಿಂದ ಹಾಡಿಕೊಂಡು ಬಂದ ರಿವಾಯತ್ ಪದಕ್ಕೋ ಇವತ್ತು ಯಾರೂ ಸಾಹಿತ್ಯದ ಒಡೆಯರಲ್ಲ. ನಿಮ್ಮ ರೆಕಾರ್ಡಿಂಗ್ ನಿಮ್ಮದು, ಹೊಸ ಟ್ಯೂನ್ ಹಾಕಿದ್ದರೆ ಆ ಟ್ಯೂನ್ ಹಾಕಿದವನದು. ಸಾಹಿತ್ಯದ ಜಾಗದಲ್ಲಿ ನಿಮ್ಮ ಹೆಸರನ್ನೋ ಹುಡುಗನ ಹೆಸರನ್ನೋ ತುಂಬಿ ರಾಯಲ್ಟಿ ಕೇಳಬೇಡಿ. ಸಾಂಪ್ರದಾಯಿಕ ಎಂದು ಬರೆಯಿರಿ. ಆ ಪದ ಹಾಡುತ್ತಲೇ ಬೆಳೆದವರ ಊರಲ್ಲೇ ನೀವೂ ಇರುವುದು, ನೆನಪಿರಲಿ.

ಆ 40,000ಕ್ಕೆ ಬರೋಣ. ಕೊಡುವಾಗ ನೀವು ಅದು ಏನೆಂದು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಕೈಗಡ ಬೇರೆ, ಮುಂಗಡ ಬೇರೆ. ಕೈಗಡ ಆದರೆ ಆಕೆಯ ಮನೆಯವರು ಯಾವಾಗಲಾದರೂ, ಯಾವ ಹಣದಿಂದಲಾದರೂ ತೀರಿಸುವ ಸಾಲ. ಮುಂಗಡ ಆದರೆ ಮುಂದಿನ ಸಂಪಾದನೆಯಿಂದ ಕಡಿತವಾಗುವ ಹಣ. ಸಂಪಾದನೆ ಬರದಿದ್ದರೆ ವಾಪಸ್ ಕೇಳುವಂತಿಲ್ಲ. ನಿಮ್ಮದು ಅಕ್ಕನ ಮದುವೆಗೆ ಕೊಟ್ಟದ್ದು, ಹಾಡಿಗೂ ಅದಕ್ಕೂ ಸಂಬಂಧವಿಲ್ಲ, ಹಾಗಾಗಿ ಕೈಗಡ ಎಂದೇ ಇಟ್ಟುಕೊಳ್ಳಿ. ಬೇರೆ ಹಾಳೆಯಲ್ಲಿ ಬರೆಯಿರಿ. ಪ್ರೋಗ್ರಾಮ್‌ಗೆ ಇಂತಿಷ್ಟು ಕಡಿತ ಎಂದು ಅವರೇ ಒಪ್ಪಿದರೆ, ಆಕೆಗೆ ಬರುವ ಮೊತ್ತದ ಕಾಲು ಭಾಗ ಮೀರದಂತೆ ಹಿಡಿಯಿರಿ. "ಇದು ತೀರುವ ತನಕ ಬೇರೆಯವರ ಹತ್ತಿರ ಹಾಡಬಾರದು" ಎಂಬ ಷರತ್ತು ಮಾತ್ರ ಬೇಡವೇ ಬೇಡ. ಮುಂಗಡ ಕೊಟ್ಟು ದುಡಿಮೆಯನ್ನು ಕಟ್ಟಿಹಾಕುವುದಕ್ಕೆ ಜೀತ ಎನ್ನುತ್ತಾರೆ, 1976ರ ಕಾಯ್ದೆ ಅದನ್ನು ಅಪರಾಧ ಎಂದಿದೆ. ಇನ್ನು ಮುಂದೆ 20,000 ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಕೊಟ್ಟು ತೆಗೆದುಕೊಳ್ಳಬೇಡಿ, ಆದಾಯ ತೆರಿಗೆ ಕಾನೂನು ಅದಕ್ಕೆ ಒಪ್ಪುವುದಿಲ್ಲ. ಒಬ್ಬರಿಗೆ ಒಂದು ದಿನಕ್ಕೆ 10,000 ಮೀರಿ ನಗದು ಕೊಟ್ಟ ಖರ್ಚನ್ನೂ ನಿಮ್ಮ ವ್ಯಾಪಾರದ ಖರ್ಚೆಂದು ತೋರಿಸಲು ಬರುವುದಿಲ್ಲ.

ತೆರಿಗೆ ವಿಷಯ ಚುಟುಕಾಗಿ. ವ್ಯಾಪಾರದ ವಹಿವಾಟು ಹಿಂದಿನ ವರ್ಷ ಒಂದು ಕೋಟಿ ದಾಟದ, ವೃತ್ತಿಯಾದರೆ 50 ಲಕ್ಷ ದಾಟದ ವ್ಯಕ್ತಿಗಳು ಕಲಾವಿದರಿಗೆ ಕೊಡುವಾಗ ಟಿಡಿಎಸ್ ಹಿಡಿಯಬೇಕಾಗಿಲ್ಲ. ಜಿಎಸ್‌ಟಿಯಲ್ಲಿ ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆ ಒಂದೂವರೆ ಲಕ್ಷ ಮೀರದಿದ್ದರೆ ವಿನಾಯಿತಿ ಇದೆ. ಸಿನಿಮಾ ಹಾಡಿನ ರಸಮಂಜರಿಗೆ ಆ ವಿನಾಯಿತಿ ಹೊಂದುವುದಿಲ್ಲ. ನಿಮ್ಮ ಕಮಿಷನ್, ಸ್ಟುಡಿಯೋ ಬಾಡಿಗೆ ಎಲ್ಲ ಸೇರಿ ವರ್ಷಕ್ಕೆ 20 ಲಕ್ಷದ ಹತ್ತಿರ ಬಂದರೆ ಜಿಎಸ್‌ಟಿ ನೋಂದಣಿಗೆ ನಿಮ್ಮೂರಿನ ಲೆಕ್ಕಪರಿಶೋಧಕರನ್ನು ಕಾಣಿ. ಕಮಿಟಿಯ ಪೂರ್ತಿ ದುಡ್ಡು ನಿಮ್ಮ ಸ್ವಂತ ಖಾತೆಯಲ್ಲೇ ಓಡಾಡುತ್ತಿದ್ದರೆ ಅಷ್ಟೂ ನಿಮ್ಮ ವಹಿವಾಟಲ್ಲ ಎಂದು ತೋರಿಸುವ ಭಾರ ನಿಮ್ಮ ಮೇಲೇ ಬೀಳುತ್ತದೆ. ಪಟ್ಟಿಗಳು ಅಲ್ಲೂ ಕೆಲಸಕ್ಕೆ ಬರುತ್ತವೆ.

ಕಾಗದ ಕನ್ನಡದಲ್ಲೇ ಇರಲಿ, ಎರಡು ಪುಟ ಮೀರದಿರಲಿ, ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿ ಸಹಿ ಹಾಕಿ. ಮ್ಯಾನೇಜ್‌ಮೆಂಟಿಗೆ ಒಂದು, ಹಾಡುಗಳಿಗೆ ಬೇರೊಂದು. ಮೊದಲನೆಯದರಲ್ಲಿ ಕಮಿಷನ್ ಎಷ್ಟು, ಯಾವುದರ ಮೇಲೆ, ಎಷ್ಟು ದಿನದೊಳಗೆ ದುಡ್ಡು ಮುಟ್ಟಬೇಕು (ನಾನು ಏಳು ದಿನ ಎನ್ನುತ್ತೇನೆ), ಎಷ್ಟು ಮೊದಲು ತಿಳಿಸಿ ಬಿಟ್ಟುಹೋಗಬಹುದು. ಎರಡನೆಯದರಲ್ಲಿ ಪ್ರತಿ ಹಾಡಿನ ಹೆಸರು, ಯಾವ ಹಕ್ಕು, ಎಷ್ಟು ವರ್ಷ, ಯಾವ ದೇಶಕ್ಕೆ, ಪಾಲು ಎಷ್ಟು ಎಂಬುದು ಸ್ಪಷ್ಟವಾಗಿರಬೇಕು. ಕಾಪಿರೈಟ್ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಲೇಬೇಕು. ವರ್ಷ ಬರೆಯದಿದ್ದರೆ ಕಾಯ್ದೆ ಅದನ್ನು ಐದೇ ವರ್ಷ ಎಂದು ಓದುತ್ತದೆ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಓದುತ್ತದೆ. ಸಹಿ ಹಾಕುವವರಿಗೆ 18 ತುಂಬಿರದಿದ್ದರೆ ಆ ಸಹಿಗೆ ಬೆಲೆಯಿಲ್ಲ, ತಂದೆತಾಯಿ ಬೇಕು. 14 ತುಂಬದ ಮಕ್ಕಳನ್ನು ಹಾಡಿಸುವುದಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು, ಮಗುವಿನ ಸಂಪಾದನೆಯ ಕನಿಷ್ಠ 20 ಪರ್ಸೆಂಟ್ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಠೇವಣಿಯಾಗಬೇಕು.

ಗಾಯಕಿ ನಿಮ್ಮನ್ನು ಬಿಟ್ಟು ಹೋದರೆ? ಹೋಗಲಿ. ಒಪ್ಪಂದ ಮುಗಿದ ಮೇಲೂ ಬೇರೆಲ್ಲೂ ಹಾಡಬಾರದು ಎಂಬ ಷರತ್ತು ಕರಾರು ಕಾಯ್ದೆಯ 27ನೇ ಕಲಂ ಮುಂದೆ ನಿಲ್ಲುವುದಿಲ್ಲ. ನೀವು ಆಗಲೇ ಹಿಡಿದಿಟ್ಟ ಪ್ರೋಗ್ರಾಮ್‌ಗಳಿಗೆ ಕಮಿಷನ್ ಬರಲಿ, ಹೊಸದಕ್ಕೆ ಬೇಡ. ಹಳೆಯ ಹಾಡುಗಳು ನಿಮ್ಮ ಚಾನೆಲ್ಲಿನಲ್ಲೇ ಇರುತ್ತವೆ, ಆಕೆಯ ಪಾಲು ಮೂರು ತಿಂಗಳಿಗೊಮ್ಮೆ ಹೋಗುತ್ತಲೇ ಇರಬೇಕು.

ಕೊನೆಯದಾಗಿ ಕಳೆದ ಎರಡು ವರ್ಷ. ಈಗಿನ ತಂಟೆ ಇರುವುದು ಅಲ್ಲೇ. ಫೋನ್‌ಪೇ ಹಿಸ್ಟರಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ನಗದಾಗಿ ಬಂದದ್ದು ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ವಾಟ್ಸಾಪಿನಲ್ಲಿ ಹಾಕಿದ ಪ್ರೋಗ್ರಾಮ್ ಪೋಸ್ಟರ್‌ಗಳು, ಕ್ರೂಸರ್ ಡ್ರೈವರನ ಡೈರಿ, ಪಕ್ಕವಾದ್ಯದವರ ನೆನಪು. ಮೊದಲು ಊರು, ತಾರೀಖುಗಳ ಯಾದಿ ಮಾಡಿ, ದುಡ್ಡಿನ ಕಾಲಂ ಖಾಲಿ ಬಿಟ್ಟು ಆಕೆಯ ತಂದೆಯ ಕೈಗೆ ಕೊಡಿ. ಯಾವ ಪ್ರೋಗ್ರಾಮ್‌ಗೆ ಎಷ್ಟು ಕೈಗೆ ಬಂತೆಂದು ಅವರ ಮನೆಯಲ್ಲೂ ಯಾರೋ ಬರೆದಿಟ್ಟಿರುತ್ತಾರೆ. ಎರಡು ಯಾದಿ ಎದುರಿಗಿಟ್ಟು ಕೂತರೆ ಅರ್ಧದಷ್ಟು ಅಲ್ಲೇ ಹೊಂದುತ್ತದೆ. ಹೊಂದದ ಪ್ರೋಗ್ರಾಮ್‌ಗಳಿಗೆ ಆ ಸೀಸನ್ನಿನ ಅಂಥದ್ದೇ ಬೇರೆ ಪ್ರೋಗ್ರಾಮ್‌ನ ಮೊತ್ತವನ್ನೇ ಇಬ್ಬರೂ ಒಪ್ಪಿ ಹಿಡಿಯಿರಿ. ರಸೀದಿ ಇಲ್ಲದ ಹಳೆಯ ಖರ್ಚನ್ನು ಈಗ ನೆನೆಸಿಕೊಂಡು ಹೊಸದಾಗಿ ಸೇರಿಸಬೇಡಿ, ಆ ಖರ್ಚು ನಿಜವಾಗಿ ಆಗಿದ್ದರೂ ಬಿಡಿ. ಕೊಡಬೇಕಾದ್ದು ಬಂದರೆ ಎರಡು ಮೂರು ಕಂತಿನಲ್ಲಿ ಬ್ಯಾಂಕ್ ಮೂಲಕ ಆಕೆಯ ಖಾತೆಗೆ ಹಾಕಿ, "ಇಂಥ ತಾರೀಖಿನವರೆಗಿನ ಪ್ರೋಗ್ರಾಮ್ ಲೆಕ್ಕ ಚುಕ್ತಾ" ಎಂದು ಒಂದು ಹಾಳೆಗೆ ಇಬ್ಬರೂ ಸಹಿ ಹಾಕಿ. ಕೈಗಡದ 40,000 ಆ ಹಾಳೆಗೆ ಬರಬಾರದು, ಅದಕ್ಕೆ ಅದರದೇ ಹಾಳೆ ಇದೆ. ಉಳಿದ ಇಬ್ಬರು ಇನ್ನೂ ಲೆಕ್ಕ ಕೇಳಿಲ್ಲ ಎಂದುಕೊಳ್ಳುತ್ತೇನೆ. ಅವರದ್ದನ್ನೂ ಇದೇ ವಾರ ಶುರು ಮಾಡಿ.